ಹಿರಿಯರ ಆರೈಕೆಗೂ ಬೇಕು ಒಂದು ಅಳತೆಗೋಲು

ಹಿರಿಯರ ಆರೈಕೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ನೋಡಿಕೊಳ್ಳುವವರು ಯಾರು? ಮಗನೇ, ಮಗಳೇ, ಸೊಸೆಯೇ, ಇಲ್ಲವೇ ವೃದ್ಧಾಶ್ರಮವೇ? ಯಾರೋ ಒಬ್ಬರು ಹೊಣೆ ಒಪ್ಪಿಕೊಂಡರೆ ಸಮಸ್ಯೆ ಬಗೆಹರಿಯಿತೆಂದು ನೆಂಟರಿಷ್ಟರೂ ಅಂದುಕೊಳ್ಳುತ್ತಾರೆ, ಸರ್ಕಾರವೂ ಅಂದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಹಿರಿಯ ಜೀವಕ್ಕೆ ಹೊತ್ತುಹೊತ್ತಿಗೆ ನೀರು ಸಿಗುತ್ತಿದೆಯೇ, ಬೆನ್ನಿನಲ್ಲಿ ಹುಣ್ಣೆದ್ದಿದೆಯೇ, ಆರು ತಿಂಗಳಲ್ಲಿ ತೂಕ ಎಷ್ಟು ಇಳಿದಿದೆ, ರಾತ್ರಿ ಕರೆದರೆ ಯಾರಾದರೂ ಓಗೊಡುತ್ತಾರೆಯೇ ಎಂದು ವಿಚಾರಿಸುವ ಏರ್ಪಾಡು ನಮ್ಮಲ್ಲಿ ಇಲ್ಲವೆನ್ನುವಷ್ಟು ದುರ್ಬಲ. ಆರೈಕೆ ಸಿಗುತ್ತಿದೆ ಎಂದಷ್ಟೇ ತಿಳಿದರೆ ಸಾಲದು. ಅದು ಹೇಗಿದೆ ಎಂದು ಅಳೆಯಬೇಕು, ಅಳೆದದ್ದನ್ನು ಎಲ್ಲರಿಗೂ ಕಾಣುವಂತೆ ಇಡಬೇಕು, ಕಟ್ಟಡಕ್ಕಿಂತ ಆರೈಕೆ ಮಾಡುವ ಕೈಗಳ ಮೇಲೆ ಹೆಚ್ಚು ಹಣ ಹಾಕಬೇಕು ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಈಗೇಕೆ ಅವಸರ ಎಂಬುದನ್ನು ಅಂಕಿಅಂಶಗಳೇ ಹೇಳುತ್ತವೆ. 2011ರ ಜನಗಣತಿಯಲ್ಲಿ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. ಕರ್ನಾಟಕದಲ್ಲಿ ಅವರ ಪಾಲು ಶೇ 9.5, ಅಂದರೆ ಸುಮಾರು 58 ಲಕ್ಷ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಮತ್ತು ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಅಂದಾಜಿನಂತೆ, 2050ರ ಹೊತ್ತಿಗೆ ಭಾರತೀಯರಲ್ಲಿ ಐವರಿಗೊಬ್ಬರು 60 ದಾಟಿರುತ್ತಾರೆ. ವಯಸ್ಸು ಹೆಚ್ಚಿದವರೆಲ್ಲರಿಗೂ ಆರೈಕೆ ಬೇಕೆಂದೇನಿಲ್ಲ; ಎಂಬತ್ತರಲ್ಲೂ ತೋಟಕ್ಕೆ ಹೋಗಿ ಬರುವವರಿದ್ದಾರೆ. ಆದರೆ 2017–18ರಲ್ಲಿ ದೇಶದಾದ್ಯಂತ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ ‘ಲಾಸಿ’ ಎಂಬ ದೊಡ್ಡ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ಸುಮಾರು ಶೇ 24ರಷ್ಟು ಮಂದಿಗೆ ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ನಡೆಯುವುದು ಇವುಗಳಲ್ಲಿ ಒಂದಾದರೂ ಕಷ್ಟವಾಗಿತ್ತು. ಅಡುಗೆ, ಔಷಧಿ, ಹಣದ ಲೆಕ್ಕದಂಥ ಕೆಲಸಗಳನ್ನು ತೆಗೆದುಕೊಂಡರೆ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ತೊಡಕಿತ್ತು. ಇದೇ ಅಧ್ಯಯನದ ಮುಂದುವರಿಕೆಯಾಗಿ ಮರೆವಿನ ಕಾಯಿಲೆಯ ಬಗ್ಗೆ 2023ರಲ್ಲಿ ಪ್ರಕಟವಾದ ಅಂದಾಜು, 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಷಿಯಾದಿಂದ ಬಳಲುತ್ತಿದ್ದಾರೆ ಎನ್ನುತ್ತದೆ. ಆಸ್ಪತ್ರೆಗೆ ಸೇರಿ ವಾರದಲ್ಲಿ ಗುಣವಾಗಿ ಮನೆಗೆ ಬರುವ ಬಗೆಯ ಅಗತ್ಯ ಇದಲ್ಲ. ದಿನವೂ, ವರ್ಷಗಟ್ಟಲೆ, ಇನ್ನೊಬ್ಬರ ಕೈಯಾಸರೆ ಬೇಕಾದ ಅಗತ್ಯ.

ಹಾಗಾದರೆ ಒಳ್ಳೆಯ ಆರೈಕೆಯನ್ನು ಗುರುತಿಸುವುದು ಹೇಗೆ? ಆಶ್ರಮ ನೋಡಲು ಹೋದವರು ಸಾಮಾನ್ಯವಾಗಿ ಕಟ್ಟಡ ನೋಡುತ್ತಾರೆ: ಹೊಸ ಟೈಲ್ಸ್, ಗಾಳಿ ಬೆಳಕಿನ ಕೋಣೆ, ಮುಂದೊಂದು ಗುಡಿ, ಗೋಡೆಯ ಮೇಲೆ ದಾನಿಗಳ ಹೆಸರು. ಅಮೆರಿಕದ ವೈದ್ಯ ಅವೆದಿಸ್ ಡೊನಬೇಡಿಯನ್ ಆರೋಗ್ಯ ಸೇವೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬೇಕೆಂದು 1966ರಲ್ಲೇ ಹೇಳಿದ್ದರು. ಮೊದಲನೆಯದು ಸೌಕರ್ಯ: ಕಟ್ಟಡ, ಸಲಕರಣೆ, ಸಿಬ್ಬಂದಿ. ಎರಡನೆಯದು ಕೆಲಸದ ರೀತಿ: ದಿನನಿತ್ಯ ಏನನ್ನು ಹೇಗೆ ಮಾಡುತ್ತಾರೆ. ಮೂರನೆಯದು ಫಲ: ಆರೈಕೆ ಪಡೆದವರಿಗೆ ಕೊನೆಗೆ ಏನಾಯಿತು. ಮೊದಲನೆಯದು ಚೆನ್ನಾಗಿದ್ದೂ ಮೂರನೆಯದು ಕೆಟ್ಟಿರಬಹುದು. ನೀರು ಶುದ್ಧೀಕರಿಸುವ ಯಂತ್ರವಿದ್ದರೂ, ನಡುಗುವ ಕೈಯ ಅಜ್ಜಿಗೆ ಲೋಟ ಹಿಡಿದು ಕುಡಿಸುವವರು ಇಲ್ಲದಿದ್ದರೆ ಆಕೆಗೆ ಬಾಯಾರಿಕೆಯೇ ಗತಿ. ನಮ್ಮ ದಾನ, ಅನುದಾನ, ಉದ್ಘಾಟನೆಗಳೆಲ್ಲ ಮೊದಲನೆಯದರ ಸುತ್ತಲೇ ನಡೆಯುತ್ತವೆ. ಹಿರಿಯರು ಬದುಕುವುದಾದರೂ ಎರಡನೆಯ ಮತ್ತು ಮೂರನೆಯದರ ನಡುವೆ.

ಹಾಸಿಗೆ ಹುಣ್ಣನ್ನೇ ತೆಗೆದುಕೊಳ್ಳಿ. ಲಕ್ವ ಹೊಡೆದು ಅಥವಾ ಸೊಂಟದ ಮೂಳೆ ಮುರಿದು ಮಲಗಿದವರ ಮೈಭಾರವೆಲ್ಲ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳ ಮೇಲೆ ಬೀಳುತ್ತದೆ. ಅಲ್ಲಿ ರಕ್ತ ಸಂಚಾರ ನಿಂತು ಚರ್ಮ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆಯುತ್ತದೆ, ನಿರ್ಲಕ್ಷಿಸಿದರೆ ಮೂಳೆ ಕಾಣುವಷ್ಟು ಆಳವಾಗುತ್ತದೆ. ನಂಜೇರಿ ಪ್ರಾಣಕ್ಕೂ ಕುತ್ತಾಗಬಹುದು. ಇದನ್ನು ತಡೆಯಲು ದೊಡ್ಡ ಯಂತ್ರ ಬೇಕಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಒದ್ದೆ ಬಟ್ಟೆ ಅಥವಾ ಡೈಪರ್ ಕೂಡಲೇ ತೆಗೆಯಬೇಕು, ಚರ್ಮವನ್ನು ದಿನವೂ ಪರೀಕ್ಷಿಸಬೇಕು, ಊಟದಲ್ಲಿ ಬೇಳೆ, ಮೊಟ್ಟೆ, ಹಾಲಿನಂಥ ಪುಷ್ಟಿಯ ಆಹಾರ ಇರಬೇಕು. ಇಷ್ಟು ಸರಳವಾದ ಕೆಲಸ ತಪ್ಪುವುದು ಏಕೆಂದರೆ ರಾತ್ರಿ ಪಾಳಿಯಲ್ಲಿ ಇಪ್ಪತ್ತು ಮೂವತ್ತು ಜನಕ್ಕೆ ಒಬ್ಬಳೇ ಆಯಾ ಇದ್ದರೆ ಅದು ಸಾಧ್ಯವೇ ಆಗದು. ನೀರಿನ ವಿಷಯವೂ ಹಾಗೆಯೇ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಯಾರಾದರೂ ನೆನಪಿಸಿ ಕುಡಿಸಬೇಕು. ಪದೇಪದೇ ಶೌಚಾಲಯಕ್ಕೆ ಕರೆದೊಯ್ಯಬೇಕಾಗುತ್ತದೆಂದು ನೀರನ್ನೇ ಕಡಿಮೆ ಕೊಡುವ ಕಡೆ ಮೂತ್ರದ ಸೋಂಕು, ಮಲಬದ್ಧತೆ, ಗಲಿಬಿಲಿ ಬೆನ್ನುಹತ್ತುತ್ತವೆ. ಮಲಗಿದಲ್ಲಿಯೇ ಅವಸರದಿಂದ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಒದ್ದೆ ಬಚ್ಚಲು, ಹಿಡಿಕೆಯಿಲ್ಲದ ಗೋಡೆ, ಮಂದ ಬೆಳಕು, ನಿದ್ದೆ ಮಾತ್ರೆಯ ಮಂಪರು ಸೇರಿದರೆ ಬಿದ್ದು ಸೊಂಟ ಮುರಿಯುವುದು ಹೆಚ್ಚು ದೂರವಿಲ್ಲ. ಇವನ್ನೆಲ್ಲ ‘ವಯಸ್ಸಾಯಿತಲ್ಲ’ ಎಂದು ತಳ್ಳಿಹಾಕುವುದು ನಮ್ಮ ರೂಢಿ. ಇವುಗಳಲ್ಲಿ ಬಹುಪಾಲನ್ನು ತಡೆಯಬಹುದು. ತಡೆಯಬಹುದಾದದ್ದನ್ನು ತಡೆಯದಿರುವುದೇ ಕಳಪೆ ಆರೈಕೆ.

ದೇಹದ ಮಾತಾಯಿತು. ಗುಣಮಟ್ಟದ ಇನ್ನರ್ಧ ಮನಸ್ಸಿಗೆ ಮತ್ತು ಮರ್ಯಾದೆಗೆ ಸೇರಿದ್ದು. ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಓಡಾಡುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ, ಕೆಲವೊಮ್ಮೆ ಸಿಟ್ಟಿಗೇಳುತ್ತಾರೆ. ಕೈ ಸಾಲದ ಕಡೆ ಇದಕ್ಕೆ ಸುಲಭದ ದಾರಿ ಎರಡು: ಮಂಚಕ್ಕೆ ಕಟ್ಟುವುದು, ಇಲ್ಲವೇ ಮಾತ್ರೆ ಕೊಟ್ಟು ಮಂಪರಿನಲ್ಲಿಡುವುದು. ಡಿಮೆನ್ಷಿಯಾ ಇರುವ ವೃದ್ಧರಿಗೆ ಮನೋವಿಕಾರದ ಕೆಲವು ಔಷಧಿಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಅಂಥವರಿಗೆ ಹೆಚ್ಚು ಕೆಲಸ ಮಾಡುವುದು ಪರಿಚಿತ ಮುಖ, ಬದಲಾಗದ ದಿನಚರಿ, ನೋವೋ ಹಸಿವೋ ಮಲಬದ್ಧತೆಯೋ ಸಿಟ್ಟಿಗೆ ಕಾರಣವಿರಬಹುದೇ ಎಂದು ಹುಡುಕುವ ತಾಳ್ಮೆ. ಇನ್ನು ಗಟ್ಟಿಯಿರುವ ಹಿರಿಯರ ಮಟ್ಟಿಗೂ ಪ್ರಶ್ನೆ ಇದೆ. ಎಷ್ಟು ಹೊತ್ತಿಗೆ ಏಳಬೇಕು, ಸ್ನಾನ ಬೆಳಿಗ್ಗೆಯೋ ಸಂಜೆಯೋ, ರಾಗಿ ಮುದ್ದೆ ಬೇಕೋ ಅನ್ನ ಸಾಕೋ, ಪಿಂಚಣಿ ಹಣ ಯಾರ ಕೈಯಲ್ಲಿರಬೇಕು ಎಂಬುದರಲ್ಲಿ ಅವರ ಮಾತು ನಡೆಯುತ್ತದೆಯೇ? ಹೆಣ್ಣುಮಗಳೊಬ್ಬಳಿಗೆ ಬಾಗಿಲು ಮುಚ್ಚಿಕೊಂಡು ಸ್ನಾನ ಮಾಡುವ ಅವಕಾಶವಿದೆಯೇ? ಹೊಟ್ಟೆ ತುಂಬಿಸಿ ಮಾನ ಕಳೆಯುವ ಆರೈಕೆಯನ್ನು ಒಳ್ಳೆಯದೆಂದು ಕರೆಯಲಾಗದು.

ಇದೆಲ್ಲ ಕೊನೆಗೆ ಬಂದು ನಿಲ್ಲುವುದು ಕೆಲಸ ಮಾಡುವವರ ಬಳಿ. ನಮ್ಮ ಊರುಗಳಲ್ಲಿ ಹೋಂ ನರ್ಸ್, ಆಯಾ, ಕೇರ್‌ಟೇಕರ್ ಎಂದು ಕರೆಸಿಕೊಳ್ಳುವವರಲ್ಲಿ ಹೆಚ್ಚಿನವರು ಬಡ ಕುಟುಂಬದ ಹೆಣ್ಣುಮಕ್ಕಳು. ಎಷ್ಟೋ ಜನ ನರ್ಸಿಂಗ್ ಓದಿದವರಲ್ಲ. ಏಜೆನ್ಸಿ ಮೂಲಕ ಬಂದು ಮನೆಯಲ್ಲೇ ಉಳಿದು, ಹಗಲು ರಾತ್ರಿ ಎರಡನ್ನೂ ಒಬ್ಬರೇ ಹೊರುತ್ತಾರೆ. ಮನೆಯವರು ಕೊಡುವ ಹಣದಲ್ಲಿ ಏಜೆನ್ಸಿಯ ಪಾಲು ಕಳೆದು ಉಳಿದದ್ದು ಅವರ ಕೈಗೆ. ರೋಗಿಯನ್ನು ಸೊಂಟ ನೋಯದಂತೆ ಎತ್ತುವುದು ಹೇಗೆ, ಹುಣ್ಣಿನ ಮೊದಲ ಗುರುತು ಯಾವುದು, ಉಸಿರಾಟ ಬದಲಾದರೆ ಯಾರಿಗೆ ಹೇಳಬೇಕು ಎಂದು ಅವರಿಗೆ ಹೇಳಿಕೊಡುವವರು ವಿರಳ. ವೃದ್ಧರನ್ನು ಗದರಿಸಿದ, ಹೊಡೆದ ವಿಡಿಯೊ ಹರಿದಾಡಿದಾಗ ಆಕ್ರೋಶವೆಲ್ಲ ಆ ಕೆಲಸಗಾರಳ ಮೇಲೆ ಬೀಳುತ್ತದೆ. ಹಿಂಸೆಗೆ ಕ್ಷಮೆಯಿಲ್ಲ, ಶಿಕ್ಷೆ ಆಗಲೇಬೇಕು. ಆದರೆ ತರಬೇತಿಯಿಲ್ಲದ, ನಿದ್ದೆಗೆಟ್ಟ, ರಜೆಯಿಲ್ಲದ ಒಬ್ಬಳ ಮೇಲೆ ಐದಾರು ಜನರ ಕೆಲಸ ಹೇರಿದ ವ್ಯವಸ್ಥೆಗೂ ಅದರಲ್ಲಿ ಪಾಲಿದೆ. ಜಪಾನ್ ಆರೈಕೆ ಕೆಲಸಕ್ಕೆ 1987ರಲ್ಲೇ ರಾಷ್ಟ್ರಮಟ್ಟದ ವೃತ್ತಿ ಅರ್ಹತೆಯನ್ನು ಕಾನೂನಿನಿಂದ ರೂಪಿಸಿತು. 2000ದ ಏಪ್ರಿಲ್‌ನಲ್ಲಿ ದೀರ್ಘಕಾಲದ ಆರೈಕೆಗೆಂದೇ ಪ್ರತ್ಯೇಕ ವಿಮೆ ತಂದಿತು. 40 ದಾಟಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ, ಅಗತ್ಯದ ಮಟ್ಟಕ್ಕೆ ತಕ್ಕ ಸೇವೆ ಮನೆಯಲ್ಲೋ ಕೇಂದ್ರದಲ್ಲೋ ಸಿಗುತ್ತದೆ. ಆ ಶ್ರೀಮಂತ ದೇಶದ ಮಾದರಿ ಇಲ್ಲಿಗೆ ಹಾಗೆಯೇ ಹೊಂದದು. ಆದರೆ ಆರೈಕೆಯೂ ಕಲಿತು ಮಾಡಬೇಕಾದ, ತಕ್ಕ ಸಂಬಳ ಸಿಗಬೇಕಾದ ಉದ್ಯೋಗ ಎಂಬ ತಿಳಿವಳಿಕೆಗೆ ಶ್ರೀಮಂತಿಕೆ ಬೇಕಿಲ್ಲ.

ನಮ್ಮ ಕಾನೂನು ಎಲ್ಲಿದೆ? 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ದೊಡ್ಡ ಹೆಜ್ಜೆಯೇ ಸರಿ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಟ್ಟು ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದುಗೊಳಿಸಬಹುದು. ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯಗಳು ತೆರೆಯಬಹುದೆಂದೂ ಅದರಲ್ಲಿದೆ. ಆದರೆ ಕಾಯ್ದೆಯ ಗಮನ ಹೆಚ್ಚಾಗಿ ಹಣ ಮತ್ತು ಆಸ್ತಿಯ ಮೇಲೆ. ದೇಶದಲ್ಲಿ ಎಷ್ಟು ವೃದ್ಧಾಶ್ರಮಗಳಿವೆ ಎಂಬ ಜಿಲ್ಲಾವಾರು ಮಾಹಿತಿಯನ್ನು ರಾಜ್ಯಗಳಿಂದ ತರಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ, ಅಶ್ವನಿ ಕುಮಾರ್ ಪ್ರಕರಣದಲ್ಲಿ, ಕೇಂದ್ರಕ್ಕೆ ನಿರ್ದೇಶಿಸಬೇಕಾಯಿತು. ಎಣಿಕೆಯೇ ಆಗದಿದ್ದಲ್ಲಿ ಗುಣಮಟ್ಟದ ತಪಾಸಣೆ ಹೇಗಾದೀತು? 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಈ ಕೊರತೆಯನ್ನು ಗುರುತಿಸಿತ್ತು. ಆರೈಕೆ ಕೇಂದ್ರಗಳೂ ಮನೆಗೆ ಆರೈಕೆದಾರರನ್ನು ಕಳಿಸುವ ಸಂಸ್ಥೆಗಳೂ ನೋಂದಾಯಿಸಿಕೊಳ್ಳಬೇಕು, ಕನಿಷ್ಠ ಮಾನದಂಡ ಪಾಲಿಸಬೇಕು ಎಂದಿತ್ತು. 2024ರಲ್ಲಿ 17ನೇ ಲೋಕಸಭೆಯ ಅವಧಿ ಮುಗಿದಾಗ ಆ ಮಸೂದೆಯೂ ಬಿದ್ದುಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ, ಆರೋಗ್ಯ ವಿಮೆ ಜಾರಿಗೆ ತಂದಿತು. ಅದರಿಂದ ಶಸ್ತ್ರಚಿಕಿತ್ಸೆಯ ಖರ್ಚಿಗೆ ಆಸರೆ ಸಿಕ್ಕೀತು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೇಲಿನ ತಿಂಗಳುಗಳಲ್ಲಿ ಮಗ್ಗುಲು ಬದಲಿಸುವ ಕೈಗೆ ಅದು ಹಣ ಕೊಡದು.

ಅಳೆಯುವುದರಿಂದ ಏನಾದರೂ ಬದಲಾಗುತ್ತದೆಯೇ ಎಂಬ ಸಂದೇಹ ಸಹಜ. ಅಮೆರಿಕದಲ್ಲಿ 1986ರ ತಜ್ಞ ವರದಿಯ ಬೆನ್ನಿಗೆ 1987ರಲ್ಲಿ ನರ್ಸಿಂಗ್ ಹೋಂಗಳ ಸುಧಾರಣೆಗೆ ಕಾನೂನು ಬಂತು. ಕಟ್ಟಿಹಾಕಿಸಿಕೊಳ್ಳದಿರುವುದು ಅಲ್ಲಿ ವಾಸಿಸುವವರ ಹಕ್ಕೆಂದು ಅದು ಸಾರಿತು. ಪ್ರತಿಯೊಬ್ಬರ ಸ್ಥಿತಿಯನ್ನು ನಿಗದಿತ ಕ್ರಮದಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ಮುಂದಿನ ವರ್ಷಗಳಲ್ಲಿ ವೃದ್ಧರನ್ನು ಕಟ್ಟಿಹಾಕುವ ಪದ್ಧತಿ ಅಲ್ಲಿ ಬಹಳ ಮಟ್ಟಿಗೆ ಇಳಿಯಿತು. ಇಂಗ್ಲೆಂಡಿನ ತಪಾಸಣಾ ಆಯೋಗ ಪ್ರತಿ ಆರೈಕೆ ಕೇಂದ್ರದ ಬಗ್ಗೆ ಐದು ಪ್ರಶ್ನೆ ಕೇಳುತ್ತದೆ: ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆ ಇದೆಯೇ, ಅಗತ್ಯಕ್ಕೆ ಸ್ಪಂದಿಸುತ್ತದೆಯೇ, ಆಡಳಿತ ಸರಿಯಿದೆಯೇ. ಉತ್ತರವನ್ನು ಅತ್ಯುತ್ತಮದಿಂದ ಕಳಪೆಯವರೆಗೆ ನಾಲ್ಕು ದರ್ಜೆಗಳಲ್ಲಿ ಪ್ರಕಟಿಸುತ್ತದೆ; ಆ ದರ್ಜೆಯನ್ನು ಕೇಂದ್ರದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲೇಬೇಕು. ತೂಗಿ ಬರೆದಿಡುವ ಪಾಠಕ್ಕಾಗಿ ನಾವು ಹೊರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಅಂಗನವಾಡಿಗಳಲ್ಲಿ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ ದಾಖಲಿಸುವ ಪದ್ಧತಿ ದಶಕಗಳಿಂದ ಇದೆ. ಮಗುವಿನ ತೂಕ ಇಳಿದರೆ ಅದು ಸಾರ್ವಜನಿಕ ಕಾಳಜಿಯ ವಿಷಯ. ಅಜ್ಜನ ತೂಕ ಇಳಿದರೂ ಹಾಗೆಯೇ ಆಗಬೇಕು.

ಇನ್ನು ಆಕ್ಷೇಪಗಳು. ಮೊದಲನೆಯದು ಹೀಗೆ ಬರುತ್ತದೆ: ತಪಾಸಣೆ ಎಂದರೆ ಇನ್ನೊಂದು ಇಲಾಖೆ, ಇನ್ನಷ್ಟು ಕಡತ, ಲಂಚಕ್ಕೆ ಹೊಸ ದಾರಿ. ಈ ಅಂಜಿಕೆಗೆ ಆಧಾರವಿದೆ. ಆಸ್ಟ್ರೇಲಿಯದ ಅಡಿಲೇಡ್ ನಗರದ ಓಕ್‌ಡೆನ್ ಎಂಬ ಸರ್ಕಾರಿ ಕೇಂದ್ರ ಮಾನ್ಯತೆಯ ತಪಾಸಣೆಗಳಲ್ಲಿ ಪಾಸಾಗುತ್ತಲೇ ಬಂದಿತ್ತು. ಕುಟುಂಬಗಳು ಪಟ್ಟು ಹಿಡಿದು ಕೇಳಿದ ಮೇಲೆ 2017ರಲ್ಲಿ ಹೊರಬಂದ ವರದಿ ಅಲ್ಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯವನ್ನು ಬಯಲಿಗೆಳೆಯಿತು, ಕೇಂದ್ರ ಮುಚ್ಚಿತು. ಇದರಿಂದ ಆ ದೇಶ ತೆಗೆದ ತೀರ್ಮಾನ ತಪಾಸಣೆಯೇ ಬೇಡ ಎಂದಲ್ಲ. ಮೊದಲೇ ಹೇಳಿ ಹೋಗುವ ತಪಾಸಣೆಯ ಬದಲು ಹೇಳದೆ ಹೋಗುವ ಕ್ರಮ ತಂದಿತು. 2018ರಲ್ಲಿ ನೇಮಕವಾದ ರಾಯಲ್ ಕಮಿಷನ್ ಎಂಬ ವಿಚಾರಣಾ ಆಯೋಗ 2021ರಲ್ಲಿ 148 ಶಿಫಾರಸುಗಳ ಅಂತಿಮ ವರದಿ ಕೊಟ್ಟಿತು. 2019ರ ಜುಲೈಯಿಂದ ಹಾಸಿಗೆ ಹುಣ್ಣು, ಕಟ್ಟಿಹಾಕುವಿಕೆ, ಅನಿರೀಕ್ಷಿತ ತೂಕ ಇಳಿಕೆ ಈ ಮೂರರ ಲೆಕ್ಕವನ್ನು ಪ್ರತಿ ಕೇಂದ್ರ ಕೊಡುವುದು ಕಡ್ಡಾಯವಾಯಿತು. ಎರಡು ವರ್ಷಗಳ ನಂತರ ಬೀಳುವಿಕೆ ಮತ್ತು ಔಷಧಿಯ ಲೆಕ್ಕವೂ ಸೇರಿತು. ಪ್ರತಿಯೊಬ್ಬರಿಗೂ ದಿನಕ್ಕೆ ಸರಾಸರಿ ಎಷ್ಟು ನಿಮಿಷಗಳ ಆರೈಕೆ ಸಿಗಬೇಕೆಂಬುದನ್ನೂ ನಿಗದಿ ಮಾಡಿದರು. 2024ರ ಅಕ್ಟೋಬರ್‌ನಿಂದ ಅದು 215 ನಿಮಿಷ. ರಿಜಿಸ್ಟರಿನ ಪುಟ ತುಂಬಿದೆಯೇ ಎಂದು ನೋಡುವ ತಪಾಸಣೆಯಲ್ಲಿ ಸುಳ್ಳು ಸುಲಭ. ಬೆನ್ನಿನ ಚರ್ಮ ನೋಡುವ, ತೂಕದ ಯಂತ್ರ ಹತ್ತಿಸುವ, ಹಿರಿಯರನ್ನೂ ಅವರ ಮನೆಯವರನ್ನೂ ಪ್ರತ್ಯೇಕವಾಗಿ ಮಾತಾಡಿಸುವ, ಕಂಡದ್ದನ್ನು ಊರಿಗೆಲ್ಲ ತಿಳಿಸುವ ತಪಾಸಣೆಯಲ್ಲಿ ಅಷ್ಟು ಸುಲಭವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಆಳದ್ದು. ತಂದೆತಾಯಿಯರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ; ಸೇವೆಗಳನ್ನು ಚೆನ್ನಾಗಿ ಕಟ್ಟಿಕೊಟ್ಟರೆ ಮಕ್ಕಳು ಹೊಣೆ ಕಳಚಿಕೊಳ್ಳುತ್ತಾರೆ ಎಂಬುದು ಅದರ ಸಾರ. ಧರ್ಮದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲಾಸಿ ಸಮೀಕ್ಷೆಯ ಪ್ರಕಾರ ಒಂಟಿಯಾಗಿ ವಾಸಿಸುವ ಹಿರಿಯರು ಸುಮಾರು ಶೇ 6 ಮಾತ್ರ. ಬಹುಪಾಲು ಹಿರಿಯರು ಇಂದಿಗೂ ಮನೆಯವರ ನಡುವೆಯೇ ಇದ್ದಾರೆ. ಆದ್ದರಿಂದಲೇ ಗುಣಮಟ್ಟದ ಪ್ರಶ್ನೆ ಮನೆಯೊಳಗೂ ಬರಬೇಕು. ‘ಮಕ್ಕಳು’ ಎನ್ನುತ್ತೇವೆ, ನಿಜದಲ್ಲಿ ಮಲಮೂತ್ರ ಬಳಿಯುವುದು ಸೊಸೆ, ಮಗಳು ಅಥವಾ ತಾನೇ ಎಪ್ಪತ್ತು ದಾಟಿದ ಹೆಂಡತಿ. ಅವರಿಗೆ ಯಾರೂ ಕಲಿಸಿಲ್ಲ, ಒಂದು ದಿನದ ಬಿಡುವಿಲ್ಲ, ಸೊಂಟ ನೋವಿಗೂ ಬೇಸರಕ್ಕೂ ಹೇಳಿಕೊಳ್ಳುವವರಿಲ್ಲ. ಬಿಡುವಿಲ್ಲದ ಪ್ರೀತಿಯೂ ಸವೆದು ಸಿಡುಕಾಗುತ್ತದೆ. ವಾರಕ್ಕೊಮ್ಮೆ ನರ್ಸ್ ಬಂದು ಹುಣ್ಣು ನೋಡಿ ಹೋದರೆ, ಹಗಲಿನಲ್ಲಿ ಬಿಟ್ಟು ಬರಬಹುದಾದ ಡೇ ಕೇರ್ ಕೇಂದ್ರವಿದ್ದರೆ, ತಿಂಗಳಲ್ಲಿ ಕೆಲವು ದಿನ ಬದಲಿ ಆಸರೆ ಸಿಕ್ಕರೆ ಮನೆಯವರು ಇನ್ನಷ್ಟು ವರ್ಷ ನೋಡಿಕೊಳ್ಳಬಲ್ಲರು. ಮಕ್ಕಳೇ ಇಲ್ಲದವರು, ದೂರದ ನಗರದಲ್ಲೋ ವಿದೇಶದಲ್ಲೋ ಮಕ್ಕಳಿರುವವರು, ಮಕ್ಕಳ ಮನೆಯಲ್ಲೇ ಹಿಂಸೆ ಅನುಭವಿಸುವವರು ಕೂಡ ಈ ನಾಡಿನ ಪ್ರಜೆಗಳೇ. ಅವರಿಗೆ ಧರ್ಮೋಪದೇಶದಿಂದ ಊಟ ಸಿಗದು.

ಮೂರನೆಯ ಆಕ್ಷೇಪ ಹಣದ್ದು. ಕಟ್ಟುನಿಟ್ಟು ಮಾಡಿದರೆ ದಾನದ ಮೇಲೆ ನಡೆಯುವ ಸಣ್ಣ ಆಶ್ರಮಗಳು ಮುಚ್ಚಿ, ನಿರ್ಗತಿಕರು ಬೀದಿಗೆ ಬೀಳುತ್ತಾರೆ ಎನ್ನುತ್ತಾರೆ. ಇದು ಬರಿಯ ನೆಪವಲ್ಲ. ಅದಕ್ಕೆ ನಿಯಮಗಳನ್ನು ಎರಡು ಹಂತ ಮಾಡಬೇಕು. ಬೆಂಕಿಯ ಸುರಕ್ಷತೆ, ರಾತ್ರಿಯ ಸಿಬ್ಬಂದಿ, ಹುಣ್ಣು ಮತ್ತು ತೂಕದ ದಾಖಲೆ, ಕಟ್ಟಿಹಾಕದಿರುವುದು ಇವು ಮೊದಲ ದಿನದಿಂದಲೇ ಎಲ್ಲರಿಗೂ ಕಡ್ಡಾಯ. ಕೋಣೆಯ ಅಳತೆ, ಲಿಫ್ಟ್‌ನಂಥವಕ್ಕೆ ಕಾಲಾವಕಾಶವೂ ನೆರವೂ ಸಿಗಬೇಕು. ಬಡತನದ ನಡುವೆಯೂ ಒಳ್ಳೆಯ ಆರೈಕೆ ಸಾಧ್ಯ ಎಂಬುದಕ್ಕೆ ನೆರೆಯ ಕೇರಳ ಸಾಕ್ಷಿ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಕೆಲಸ, ಮಲಪ್ಪುರದಂಥ ಕಡೆ ಊರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ರಾಜ್ಯ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿ ಸ್ಥಳೀಯ ಸಂಸ್ಥೆಗಳಿಗೆ ಹೊಣೆ ಕೊಟ್ಟಿತು. ತರಬೇತಾದ ನರ್ಸ್ ಮನೆಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಮೂತ್ರದ ನಳಿಕೆ ಬದಲಿಸುತ್ತಾರೆ, ಮನೆಯವರಿಗೆ ಹೇಳಿಕೊಡುತ್ತಾರೆ. ಕರ್ನಾಟಕದಲ್ಲಿಯೂ ಬೇರುಗಳಿವೆ. ಬೆಂಗಳೂರಿನ ಕರುಣಾಶ್ರಯ, ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಬೆಂಗಳೂರು ಪೊಲೀಸರೊಂದಿಗೆ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ ಅಸಂಖ್ಯ ದೂರುಗಳಿಗೆ ಕಿವಿಯಾಗಿದೆ. ಒಳ್ಳೆಯದನ್ನು ಮಾಡಬಲ್ಲವರು ನಮ್ಮಲ್ಲಿದ್ದಾರೆ. ಅವರ ಒಳ್ಳೆಯತನ ಎಲ್ಲರಿಗೂ ಅನ್ವಯಿಸುವ ನಿಯಮವಾಗಿಲ್ಲ ಎಂಬುದೇ ಕೊರತೆ.

ಕರ್ನಾಟಕ ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ವೃದ್ಧಾಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸಿ, ಅದರಲ್ಲಿ ಮಾನದಂಡಗಳನ್ನೂ ವೈದ್ಯಕೀಯ ಸೇವೆಗಳನ್ನೂ ನಿಗದಿಪಡಿಸುವ ಅಧಿಕಾರವನ್ನು 2007ರ ಕಾಯ್ದೆಯ 19ನೇ ಕಲಮು ರಾಜ್ಯ ಸರ್ಕಾರಕ್ಕೆ ಈಗಾಗಲೇ ಕೊಟ್ಟಿದೆ. ತಾನೇ ನಡೆಸುವ ಮತ್ತು ಅನುದಾನ ಕೊಡುವ ಆಶ್ರಮಗಳಿಂದ ಅದನ್ನು ಆರಂಭಿಸಲಿ. ಹುಣ್ಣು, ಬೀಳುವಿಕೆ, ತೂಕ, ಮಂಪರಿನ ಮಾತ್ರೆ, ರಾತ್ರಿಯ ಸಿಬ್ಬಂದಿ ಈ ಐದರ ಲೆಕ್ಕ ಮೂರು ತಿಂಗಳಿಗೊಮ್ಮೆ ಪ್ರಕಟವಾಗಲಿ. ಖಾಸಗಿ ಕೇಂದ್ರಗಳಿಗೂ ಹೋಂ ನರ್ಸ್ ಏಜೆನ್ಸಿಗಳಿಗೂ ಅನ್ವಯಿಸುವ ನೋಂದಣಿ ಕಾನೂನನ್ನು ವಿಧಾನಮಂಡಲ ತರಲಿ. ಅಲ್ಲಿಯವರೆಗೆ ಓದುಗರ ಕೈಯಲ್ಲೂ ಒಂದು ಅಸ್ತ್ರವಿದೆ. ಹಿರಿಯರನ್ನು ಎಲ್ಲಿಗಾದರೂ ಸೇರಿಸುವ ಮುನ್ನ ಹೇಳದೆ, ಊಟದ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಿ ನೋಡಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ, ಹುಣ್ಣಾದವರು ಎಷ್ಟು, ತೂಕ ಎಲ್ಲಿ ಬರೆದಿಟ್ಟಿದ್ದೀರಿ, ಕೆಲಸದವರಿಗೆ ವಾರದ ರಜೆ ಇದೆಯೇ ಎಂದು ಕೇಳಿ. ಉತ್ತರ ಕೊಡಲು ಹಿಂಜರಿಯುವ ಕಡೆ ಸೇರಿಸಬೇಡಿ. ತೊಂದರೆ ಕಂಡರೆ 14567 ಸಂಖ್ಯೆಯ ಹಿರಿಯರ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ. ಮತ ಕೇಳಲು ಬಂದವರ ಮುಂದೆಯೂ ಇವೇ ಪ್ರಶ್ನೆಗಳನ್ನಿಡಿ. ಮುಂದಿನ ವೃದ್ಧಾಶ್ರಮದ ಶಂಕುಸ್ಥಾಪನೆಗೆ ಮುಂಚೆ, ಈಗಿರುವುದರಲ್ಲಿ ಹಿರಿಯರು ಹೇಗಿದ್ದಾರೆಂಬ ಲೆಕ್ಕ ಕೊಡಲು ಹೇಳಿ.